ಉಳಿದುದರ ವಿದ್ಯೆ: ಚಿಂದಿಯ ಕೌದಿಯೂ ಮಾವಿನ ಹಣ್ಣಿನ ಪುಡ್ಡಿಂಗೂ



ಅಂಗಡಿಯಿಂದ ಹೊಸ ವಸ್ತುವನ್ನು ತರುವದಕ್ಕೆ ಹಣವೊಂದಿದ್ದರೆ ಸಾಕು. ಮನೆಯಲ್ಲಿ ಉಳಿದ ವಸ್ತುವನ್ನು ತಿರುಗಿ ಉಪಯೋಗಕ್ಕೆ ತರಬೇಕಾದರೆ ಕಣ್ಣು, ಕೈ, ವಿವೇಕ ಈ ಮೂರೂ ಬೇಕು. ಆದಕಾರಣ ಇದನ್ನು ನಾವು ಒಂದು ವಿದ್ಯೆಯೆಂದೇ ಎಣಿಸುತ್ತೇವೆ. ವಿದ್ಯೆಯೆಂದ ಮೇಲೆ ಅದಕ್ಕೆ ನಿಯಮಗಳಿರಬೇಕು, ಪರೀಕ್ಷೆಯಿರಬೇಕು, ತಕ್ಕ ಮಾನವೂ ಇರಬೇಕು. ಹರಕು ಬಟ್ಟೆಯನ್ನು ಗಂಟು ಕಟ್ಟಿ ಅಟ್ಟದ ಮೇಲೆ ಎಸೆದಿಡುವದು ಮಿತವ್ಯಯವಲ್ಲ; ಅದು ಬರಿಯ ಕೂಡಿಡುವಿಕೆ. ಹಳಸಿದ ಅನ್ನವನ್ನು ವ್ಯರ್ಥವಾಗಬಾರದೆಂದು ಉಣ್ಣುವದೂ ಮಿತವ್ಯಯವಲ್ಲ. ಅದು ರೋಗವನ್ನು ಮನೆಗೆ ಕರೆಯುವದಾಗಿದೆ.

ಈ ಪಾಠದಲ್ಲಿ ಎರಡು ಕೆಲಸಗಳನ್ನು ವಿವರಿಸುವೆವು. ಮೊದಲನೆಯದು ಹಳೆಯ ಬಟ್ಟೆಯಿಂದ ಕೌದಿಯನ್ನು ಹೊಲಿಯುವದು. ಎರಡನೆಯದು ಒಣಗಿದ ಬ್ರೆಡ್ಡಿಗೆ ಬೇಸಿಗೆಯ ಮಾವಿನ ಹಣ್ಣನ್ನು ಕೂಡಿಸಿ ಪುಡ್ಡಿಂಗನ್ನು ಮಾಡುವದು. ಎರಡರ ಮೂಲಕವೂ ನಾವು ಹೇಳಬೇಕೆಂದಿರುವ ಮಾತು ಒಂದೇ. ಉಳಿದುದು ಕೀಳಲ್ಲ, ಆದುದರಿಂದ ಅದನ್ನು ಕೀಳಾದ ರೀತಿಯಲ್ಲಿ ಮಾಡಲೂಬಾರದು, ಮನೆಯಲ್ಲಿ ಯಾರೋ ಒಬ್ಬರ ಪಾಲಿಗೆ ಮಾತ್ರ ತಳ್ಳಲೂಬಾರದು.

೧. ಮಿತವ್ಯಯವು ಬಡತನದ ಗುರುತೋ?

ನಿಮ್ಮಲ್ಲಿ ಕೆಲವರು ಅಜ್ಜಿಯ ಕೌದಿಯನ್ನು ಪೆಟ್ಟಿಗೆಯ ತಳಕ್ಕೆ ಸೇರಿಸಿ, ಗೆಳತಿಯರು ಬಂದಾಗ ಪೇಟೆಯ ನುಣ್ಣನೆಯ ಕಂಬಳಿಯನ್ನು ಹಾಸುವದುಂಟು. ತೇಪೆಯನ್ನು ಕಂಡರೆ ಜನರು ಬಡವರೆಂದಾರು ಎಂಬ ಅಂಜಿಕೆಯೇ ಇದಕ್ಕೆ ಕಾರಣ. ಈ ಅಂಜಿಕೆಯು ನಿಜವಾದ ಆಧಾರವುಳ್ಳದ್ದಲ್ಲ ಎಂಬದಕ್ಕೆ ದೂರದ ಒಂದು ದೃಷ್ಟಾಂತವನ್ನು ಕೊಡುವೆವು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಅಂದರೆ ೧೯೪೧ನೆಯ ಇಸವಿ ಜೂನ್ ತಿಂಗಳ ೧ನೆಯ ತಾರೀಖಿನಿಂದ, ಬ್ರಿಟನ್ ದೇಶದಲ್ಲಿ ಬಟ್ಟೆಗೂ ಪಡಿತರದ ಕಟ್ಟುಪಾಡು ಬಂದಿತು. ಹಣವಿದ್ದವರೂ ಚೀಟಿಯಿಲ್ಲದೆ ಹೊಸ ಉಡುಪನ್ನು ಕೊಳ್ಳುವಂತಿರಲಿಲ್ಲ. ಆಗ ಅಲ್ಲಿಯ ಸರಕಾರವೇ ಇದ್ದುದರಲ್ಲಿ ಸಾಗಿಸುವ, ಹರಿದುದನ್ನು ಹೊಲಿದುಕೊಳ್ಳುವ ಉಪಾಯಗಳನ್ನು ತಿಳಿಸುವ ಕೈಪುಸ್ತಕವೊಂದನ್ನು ೧೯೪೩ರಲ್ಲಿ ಹೊರಡಿಸಿತು. ಬಟ್ಟೆಯ ಪಡಿತರವು ೧೯೪೯ರಲ್ಲಿ ಮುಗಿಯುವ ವರೆಗೂ ಬಡವರೂ ಬಲ್ಲಿದರೂ ಒಂದೇ ಸೂಜಿಯ ಪಾಠವನ್ನು ಕಲಿಯಬೇಕಾಯಿತು.

ಈಗ ಯುದ್ಧದ ಪಡಿತರವಿಲ್ಲ. ಆದರೂ ವಿಷಯವು ಹಳೆಯದಾಗಿಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ೨೦೨೪ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ೨೦೨೨ನೆಯ ಒಂದೇ ವರ್ಷದಲ್ಲಿ ಲೋಕದಲ್ಲಿ ಸುಮಾರು ೧೦೫ ಕೋಟಿ ಟನ್ನು ಆಹಾರವು ವ್ಯರ್ಥವಾಯಿತು. ಅದರಲ್ಲಿ ನೂರಕ್ಕೆ ೬೦ ಪಾಲು ವ್ಯರ್ಥವಾದದ್ದು ಹೋಟೆಲುಗಳಲ್ಲಿಯೂ ಅಂಗಡಿಗಳಲ್ಲಿಯೂ ಅಲ್ಲ, ಮನೆಗಳಲ್ಲಿಯೇ. ಹೀಗಿರುವಾಗ ಅಡಿಗೆಮನೆಯ ವಿವೇಕವನ್ನು ಸಣ್ಣ ಸಂಗತಿಯೆಂದು ಯಾರು ಹೇಳಬಲ್ಲರು?

೨. ಆಯುವ ಕ್ರಮ

ಉಳಿದುದರ ವಿದ್ಯೆಯಲ್ಲಿ ಮೊದಲನೆಯ ಪಾಠವು ಮಾಡುವದಲ್ಲ, ಆಯುವದು. ಯಾವದನ್ನು ಇಟ್ಟುಕೊಳ್ಳತಕ್ಕದ್ದು, ಯಾವದನ್ನು ಬಿಡತಕ್ಕದ್ದು ಎಂಬದನ್ನು ತಿಳಿಯದವಳು ಎಷ್ಟು ಚೆನ್ನಾಗಿ ಹೊಲಿದರೂ ಕೆಲಸವು ನಿಲ್ಲಲಾರದು.

ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿರಿ. ಎಳೆಗಳು ಅಲ್ಲಲ್ಲಿ ತೆಳುವಾಗಿ ಬೆಳಕು ತೂರಿ ಬಂದರೆ ಆ ಭಾಗವು ಜೀರ್ಣವಾಗಿದೆ. ಅನಂತರ ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಎಳೆಯಿರಿ. ಚರಚರನೆ ಹರಿಯುವಂಥದ್ದು ಒರಸುವ ಬಟ್ಟೆಗೆ ಮಾತ್ರ ತಕ್ಕದ್ದು. ಸೀರೆಯಲ್ಲಿ ಮೊದಲು ಸವೆಯುವದು ಕುಳಿತೇಳುವ ಭಾಗ. ಸೆರಗಿನ ಬದಿಯೂ ಒಳಸುತ್ತೂ ಬಹುಕಾಲ ಗಟ್ಟಿಯಾಗಿರುವವು. ನೂಲು ಹತ್ತಿಯದೋ ಅಲ್ಲವೋ ಎಂಬ ಸಂದೇಹವಿದ್ದರೆ, ಹಿರಿಯರ ಎದುರಿನಲ್ಲಿ ಒಂದೆರಡು ಎಳೆಗಳನ್ನು ಚಿಮಟದಲ್ಲಿ ಹಿಡಿದು ಸುಟ್ಟು ನೋಡಬೇಕು. ಹತ್ತಿಯು ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುವದು. ಪಾಲಿಯೆಸ್ಟರಾದರೆ ಕರಗಿ ಗಟ್ಟಿಯಾದ ಮಣಿಯಂತಾಗುವದು.

ಇನ್ನೊಂದು ನಿಯಮವನ್ನು ಮರೆಯಬೇಡಿರಿ. ಒಗೆಯದ ಕೋರಾ ಬಟ್ಟೆಯನ್ನು ಹಳೆಯ ಬಟ್ಟೆಯ ಜೊತೆಗೆ ಹೊಲಿಯಬಾರದು. ಯಾಕಂದರೆ ಮೊದಲನೆಯ ಒಗೆತದಲ್ಲಿ ಹೊಸತು ಕುಗ್ಗುತ್ತದೆ, ಹಳತು ಕುಗ್ಗುವದಿಲ್ಲ. ಆಗ ಬಲವಾದದ್ದು ದುರ್ಬಲವಾದದ್ದನ್ನು ಎಳೆದು ಹರಿಯುವದು. ಸುವಾರ್ತೆಯ ಸಾಮ್ಯದಲ್ಲಿಯೂ ಬಂದಿರುವ ಈ ಮಾತು ಮನೆಮನೆಯ ಹೆಂಗಸರ ಅನುಭವದ ಮಾತೇ ಆಗಿದೆ. ಹೊಸ ತುಂಡುಗಳಿದ್ದರೆ ಎರಡು ಸಾರಿ ಒಗೆದು ಒಣಗಿಸಿದ ತರುವಾಯ ಕೂಡಿಸಿರಿ.

ಬ್ರೆಡ್ಡಿನ ವಿಷಯದಲ್ಲಿ ಒಣಗಿದ್ದು ಬೇರೆ, ಕೆಟ್ಟದ್ದು ಬೇರೆ. ಗೋದಿಯ ಹಿಟ್ಟಿನ ಪಿಷ್ಟವು ಬೇಯುವಾಗ ನೀರನ್ನು ಹೀರಿ ಮೃದುವಾಗುವದು. ತಣಿದ ಮೇಲೆ ಅದರ ಅಣುಗಳು ತಿರುಗಿ ಒತ್ತಾಗಿ ಜೋಡಿಸಿಕೊಂಡು ಗಡುಸಾಗುವವು. ತಂಪುಪೆಟ್ಟಿಗೆಯಲ್ಲಿಟ್ಟ ಬ್ರೆಡ್ಡು ಹೊರಗಿಟ್ಟದ್ದಕ್ಕಿಂತ ಬೇಗ ಗಡುಸಾಗುವದು ಇದರಿಂದಲೇ. ಬಿಸಿ ತಗಲಿದರೆ ಈ ಗಡುಸುತನವು ಬಹುಮಟ್ಟಿಗೆ ಕಡಿಮೆಯಾಗುವದು. ಆದುದರಿಂದ ಒಣ ಬ್ರೆಡ್ಡು ಅಡಿಗೆಗೆ ಯೋಗ್ಯವೇ ಸರಿ. ಆದರೆ ಬೂಷ್ಟು ಹಿಡಿದ ಬ್ರೆಡ್ಡಿನಲ್ಲಿ ಕಣ್ಣಿಗೆ ಕಾಣುವ ಹಸಿರು ಚುಕ್ಕೆಯನ್ನು ಕಿತ್ತು ಉಳಿದುದನ್ನು ತಿನ್ನಬಾರದು. ಬೂಷ್ಟಿನ ಎಳೆಗಳು ಕಾಣದಂತೆ ಒಳಗೂ ಹರಡಿರುವವು. ಅದನ್ನು ಪೂರ್ತಿಯಾಗಿ ಗೊಬ್ಬರದ ಗುಂಡಿಗೆ ಹಾಕಿರಿ.

ಇದೇ ರೀತಿಯಾಗಿ ಕೀಟನಾಶಕದ ಡಬ್ಬಿ, ಬಣ್ಣದ ಡಬ್ಬಿ ಇವುಗಳನ್ನು ಎಷ್ಟು ತೊಳೆದರೂ ನೀರಿಗಾಗಲಿ ಧಾನ್ಯಕ್ಕಾಗಲಿ ಉಪಯೋಗಿಸಕೂಡದು. ಅಚ್ಚಿನ ಮಸಿಯು ಆಹಾರಕ್ಕೆ ಹತ್ತುವದರಿಂದ ಬಿಸಿ ತಿಂಡಿಯನ್ನು ಸುದ್ದಿಪತ್ರಿಕೆಯಲ್ಲಿ ಕಟ್ಟಕೂಡದು. ತಕ್ಕದ್ದಲ್ಲದ್ದನ್ನು ಬಿಟ್ಟುಬಿಡುವದೂ ಈ ವಿದ್ಯೆಯ ಒಂದು ಅಂಗವೇ.

೩. ಚಿಕ್ಕ ಕೌದಿ

ಉತ್ತರ ಕರ್ನಾಟಕದಲ್ಲಿ ಕೌದಿಯಿಲ್ಲದ ಮನೆ ವಿರಳವಾಗಿತ್ತು. ಉಟ್ಟು ಮೆತ್ತಗಾದ ಸೀರೆಗಳನ್ನೂ ಧೋತರಗಳನ್ನೂ ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿರಿಸಿ, ಸಾಲುಸಾಲಾಗಿ ದಾರವೆಳೆಯುವದೇ ಅದರ ಕ್ರಮ. ಗಾಳಿಯು ಪದರಗಳ ನಡುವೆ ನಿಲ್ಲುವದರಿಂದ ಅದು ಚಳಿಗೆ ಬೆಚ್ಚಗಿರುವದು. ಹತ್ತಿಯು ಬೆವರನ್ನು ಹೀರುವದರಿಂದ ಬೇಸಿಗೆಯಲ್ಲಿ ಹಾಸಲಿಕ್ಕೂ ಹಿತವಾಗಿರುವದು.

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಈ ತಾಲೂಕುಗಳಲ್ಲಿ ವಾಸಿಸುವ ಸಿದ್ದಿ ಜನರ ಪೂರ್ವಜರು ಆಫ್ರಿಕದಿಂದ ಬಂದವರು. ಅವರ ಹೆಂಗಸರು ‘ಕವಂದಿ’ಯೆಂದು ಕರೆಯುವ ಕೌದಿಯ ಕ್ರಮವು ಸ್ವಲ್ಪ ಬೇರೆ. ಅವರು ಅಂಚಿನಿಂದ ಪ್ರಾರಂಭಿಸಿ, ತುಂಡುಗಳನ್ನು ಒಂದೊಂದಾಗಿ ಮಡಿಸಿ ಹೊಲಿಯುತ್ತ, ಸುತ್ತಿ ಸುತ್ತಿ ನಡುವಿಗೆ ಬಂದು ಮುಗಿಸುವರು. ಕೊನೆಗೆ ನಾಲ್ಕು ಮೂಲೆಗಳಲ್ಲಿಯೂ ಬಟ್ಟೆಯ ಚೂರನ್ನು ಮೂರು ಮೂಲೆಯಾಗಿ ಮಡಿಸಿ ಹೂವಿನಂತೆ ಕೂಡಿಸುವರು. ಇದಕ್ಕೆ ‘ಫೂಲ’ ಎಂದು ಹೆಸರು. ಈ ಹೂಗಳಿಲ್ಲದ ಕವಂದಿಯು ಬತ್ತಲೆಯಾಗಿದೆಯೆಂದು ಅವರ ಭಾವನೆ. ಚಿಂದಿಯಿಂದಾದ ಹೊದಿಕೆಗೂ ಅಲಂಕಾರವು ಬೇಕು, ಅಲಂಕಾರವಿಲ್ಲದೆ ಅದು ಪೂರ್ಣವಾಗದು ಎಂಬ ಈ ತಿಳಿವಳಿಕೆಯನ್ನು ನಾವು ಬಹಳ ಮೆಚ್ಚುತ್ತೇವೆ. ಹೊಟ್ಟೆಪಾಡಿಗೆ ದುಡಿಯುವ ಕೈಗಳೇ ಹೀಗೆ ಹೂವನ್ನಿಡುವಾಗ, ಬಿಡುವುಳ್ಳ ನಾವು ಕೆಲಸವನ್ನು ಒರಟಾಗಿ ಮುಗಿಸುವದು ಸಲ್ಲದು.

ಮೊದಲ ಸಾರಿ ಹೊಲಿಯುವವರು ೭೦ ಸೆಂಟಿಮೀಟರು ಅಗಲ, ೯೦ ಸೆಂಟಿಮೀಟರು ಉದ್ದವಾದ, ನೆಲದ ಮೇಲೆ ಹಾಸಿ ಕುಳಿತುಕೊಳ್ಳತಕ್ಕ ಕೌದಿಯನ್ನು ಮಾಡಿರಿ. ಕ್ರಮ ಹೇಗೆಂದರೆ:

ಮೊದಲು ಎಲ್ಲ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಗಂಜಿಯನ್ನು ಬಿಡಿಸಿ, ಬಿಸಿಲಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಿರಿ. ಮೇಲಿನ ಪದರಕ್ಕಾಗಿ ೧೨ ಸೆಂಟಿಮೀಟರಿನ ೬೩ ಚೌಕಗಳನ್ನು ಕತ್ತರಿಸಿರಿ. ಅಡ್ಡಕ್ಕೆ ೭, ಉದ್ದಕ್ಕೆ ೯ರಂತೆ ನೆಲದ ಮೇಲೆ ಹರಡಿ, ಒಂದೇ ಬಣ್ಣವು ಒತ್ತಟ್ಟಿಗೆ ಬಾರದಂತೆ ಹೊಂದಿಸಿರಿ. ಸುತ್ತಲೂ ಒಂದೊಂದು ಸೆಂಟಿಮೀಟರು ಬಿಟ್ಟು ಚೌಕಗಳನ್ನು ಒಂದಕ್ಕೊಂದು ಹೊಲಿದರೆ ೭೨ಕ್ಕೆ ೯೨ ಸೆಂಟಿಮೀಟರಿನ ಮೇಲ್ಪದರವು ಸಿದ್ಧವಾಗುವದು. ಅದೇ ಅಳತೆಯಲ್ಲಿ ಸೀರೆಯ ಗಟ್ಟಿ ಭಾಗದಿಂದ ಕೆಳಪದರವನ್ನೂ, ೭೦ಕ್ಕೆ ೯೦ರ ಅಳತೆಯಲ್ಲಿ ಹಳೆಯ ಧೋತರದಿಂದ ಎರಡು ಒಳಪದರಗಳನ್ನೂ ಕತ್ತರಿಸಿರಿ.

ಪದರಗಳನ್ನು ಒಂದರ ಮೇಲೊಂದು ಸುಕ್ಕಿಲ್ಲದಂತೆ ಹಾಸಿ, ನಡುವಿನಿಂದ ನಾಲ್ಕೂ ಕಡೆಗೆ ಕಚ್ಚಾ ಹೊಲಿಗೆಯನ್ನು ಹಾಕಿರಿ. ಅಂಚಿನಿಂದ ಆರಂಭಿಸಿದರೆ ಬಟ್ಟೆಯು ನಡುವೆ ಉಬ್ಬಿ ನಿಲ್ಲುವದು. ತರುವಾಯ ಮೇಲಿನ ಮತ್ತು ಕೆಳಗಿನ ಅಂಚುಗಳನ್ನು ಒಳಕ್ಕೆ ಮಡಿಸಿ ಕೂಡಿಸಿ ಹೊಲಿಯಿರಿ. ಕೊನೆಗೆ ಉದ್ದಕ್ಕೆ, ಒಂದೂಕಾಲು ಸೆಂಟಿಮೀಟರಿನ ಅಂತರದಲ್ಲಿ, ದಪ್ಪ ಹತ್ತಿ ದಾರವನ್ನು ಎರಡೆಳೆಯಾಗಿ ಪೋಣಿಸಿಕೊಂಡು ಸಾಲುಗಳನ್ನು ಎಳೆಯಿರಿ. ದಾರವನ್ನು ಬಿಗಿಯಾಗಿ ಜಗ್ಗಬೇಡಿರಿ. ಕಚ್ಚಾ ಹೊಲಿಗೆಯನ್ನು ಬಿಚ್ಚಿದರೆ ಕೌದಿಯು ಮುಗಿಯಿತು.

೪. ಹೊಲಿಗೆಯ ಲೆಕ್ಕ

ಗಣಿತದ ಪುಸ್ತಕವನ್ನು ಸೂಜಿಯ ಪೆಟ್ಟಿಗೆಯ ಹತ್ತಿರವೇ ಇಟ್ಟುಕೊಳ್ಳಬೇಕೆಂದು ನಾವು ಹೇಳುವದುಂಟು. ಮೇಲಿನ ಕೌದಿಯಲ್ಲಿ ೫೫ ಸಾಲುಗಳು ಬರುವವು. ಒಂದು ಸಾಲು ೯೦ ಸೆಂಟಿಮೀಟರು. ಸೆಂಟಿಮೀಟರಿಗೆ ಒಂದರಂತೆ ಎಣಿಸಿದರೆ ಒಟ್ಟು ೪,೯೫೦ ಹೊಲಿಗೆಗಳಾದವು. ನಿಮಿಷಕ್ಕೆ ೧೫ ಹೊಲಿಗೆ ಹಾಕುವ ಚುರುಕು ಕೈಯಿದ್ದರೂ ೩೩೦ ನಿಮಿಷ, ಅಂದರೆ ಐದೂವರೆ ಗಂಟೆ ಬೇಕು. ಒಗೆದದ್ದು, ಕತ್ತರಿಸಿದ್ದು, ಚೌಕಗಳನ್ನು ಕೂಡಿಸಿದ್ದು ಇದರಲ್ಲಿ ಸೇರಲಿಲ್ಲ. ೧೪೦ಕ್ಕೆ ೨೧೦ ಸೆಂಟಿಮೀಟರಿನ ದೊಡ್ಡ ಕೌದಿಯ ವಿಸ್ತಾರವು ಇದಕ್ಕೆ ನಾಲ್ಕೂಮುಕ್ಕಾಲು ಪಟ್ಟಿಗೆ ಸಮೀಪವಾದದ್ದು. ಅದರ ಸಾಲುಗಳಿಗೇ ಸುಮಾರು ೨೬ ಗಂಟೆ ಹಿಡಿಯುವದು.

ಈ ಲೆಕ್ಕವನ್ನು ನಿಮ್ಮಿಂದ ಮಾಡಿಸುವದಕ್ಕೆ ಕಾರಣವುಂಟು. ಕೂಲಿಗೆ ಕೌದಿ ಹೊಲಿದು ಜೀವಿಸುವ ತಾಯಂದಿರು ಇಂದಿಗೂ ನಮ್ಮ ನಾಡಿನಲ್ಲಿದ್ದಾರೆ. “ಬಟ್ಟೆ ನಮ್ಮದೇ, ಅದೂ ಹಳೆಯದು, ನಿನ್ನದೇನು ಖರ್ಚಾಯಿತು?” ಎಂದು ಅವರ ಸಂಗಡ ಚೌಕಾಶಿ ಮಾಡುವವರೂ ಇದ್ದಾರೆ. ಅವಳ ಖರ್ಚು ಅವಳ ಕಣ್ಣು, ಬೆನ್ನು, ಹೊತ್ತು. ಬಟ್ಟೆ ಹಳೆಯದಾದರೂ ಹೊಲಿದ ದಿನವು ಹಳೆಯದಲ್ಲ. ಊರಿನಲ್ಲಿ ಎಂಟು ಗಂಟೆಯ ಕೆಲಸಕ್ಕೆ ನಡೆಯುವ ಕೂಲಿಯಿಂದ ಈ ೨೬ ಗಂಟೆಗಳನ್ನು ಲೆಕ್ಕಹಾಕಿ ನೋಡಿದರೆ, ಅವಳು ಕೇಳುವ ಬೆಲೆಯು ಹೆಚ್ಚೋ ಕಡಿಮೆಯೋ ನಿಮಗೇ ತಿಳಿಯುವದು.

೫. ಮಾವಿನ ಹಣ್ಣಿನ ಪುಡ್ಡಿಂಗು

ಬಟ್ಟೆಯಲ್ಲಿ ಕಂಡ ಪದರಗಳ ಉಪಾಯವನ್ನೇ ಈಗ ಅಡಿಗೆಮನೆಯಲ್ಲಿ ನೋಡೋಣ. ಅಮೇರಿಕದ ಮನೆಗಳಲ್ಲಿ ಒಣ ಬ್ರೆಡ್ಡಿನ ಚೂರುಗಳನ್ನೂ ಸೇಬುಹಣ್ಣಿನ ಹೋಳುಗಳನ್ನೂ ಒಂದರ ಮೇಲೊಂದು ಹರಡಿ ಬೇಯಿಸುವ ‘ಬ್ರೌನ್ ಬೆಟ್ಟಿ’ಯೆಂಬ ಹಳೆಯ ಸಿಹಿ ಭಕ್ಷ್ಯವುಂಟು. ನಮ್ಮಲ್ಲಿ ಬೇಸಿಗೆಯ ಹಣ್ಣೆಂದರೆ ಮಾವು. ಧಾರವಾಡದ ಸೀಮೆಯವರಿಗೆ ಆಪೂಸು ಹಣ್ಣಿನ ಪರಿಚಯವನ್ನು ಹೇಳಿಕೊಡಬೇಕಾಗಿಲ್ಲ. ಸೇಬಿನ ಸ್ಥಾನದಲ್ಲಿ ಮಾವನ್ನಿಟ್ಟರೆ ಭಕ್ಷ್ಯವು ಇನ್ನೂ ಸೊಗಸಾಗುವದು.

ಬೇಕಾಗುವ ಸಾಮಾನು: ಒಣ ಬ್ರೆಡ್ಡು ೨೫೦ ಗ್ರಾಮು, ಬೆಣ್ಣೆ ಅಥವಾ ತುಪ್ಪ ೬೦ ಗ್ರಾಮು, ಸಿಪ್ಪೆ ಗೊರಟೆ ತೆಗೆದ ಮಾವಿನ ಹೋಳು ೫೦೦ ಗ್ರಾಮು, ಬೆಲ್ಲದ ಪುಡಿ ೭೫ ಗ್ರಾಮು, ಏಲಕ್ಕಿ ೪, ಲಿಂಬೆಯ ರಸ ಒಂದು ದೊಡ್ಡ ಚಮಚ, ಉಪ್ಪು ಒಂದು ಚಿಟಿಕೆ. ಹಣ್ಣು ಪಕ್ವವಾಗಿರಬೇಕು, ಆದರೆ ಗಟ್ಟಿಯಾಗಿರಬೇಕು. ಮೆತ್ತಗಾದ ಹಣ್ಣು ಬೆಂದು ಗೊಜ್ಜಾಗುವದು.

ಮಾವಿನ ಸೊನೆಯು ಕೆಲವರ ಚರ್ಮಕ್ಕೆ ತುರಿಕೆಯನ್ನುಂಟುಮಾಡುವದರಿಂದ ಹಣ್ಣುಗಳನ್ನು ಮೊದಲು ಚೆನ್ನಾಗಿ ತೊಳೆಯಿರಿ. ಸಿಪ್ಪೆಯನ್ನು ಹೆರೆದು ತಿರುಳನ್ನು ಹೋಳು ಮಾಡಿರಿ. ಗೊರಟೆಗಳಿಗೆ ಬಹಳ ತಿರುಳು ಅಂಟಿಕೊಂಡಿರುವದು. ಅವುಗಳನ್ನು ಕಾಲು ಬಟ್ಟಲು ನೀರಿನಲ್ಲಿ ಕಿವುಚಿ ಆ ರಸವನ್ನು ಇಟ್ಟುಕೊಳ್ಳಿರಿ. ಅದಕ್ಕೆ ಲಿಂಬೆಯ ರಸವನ್ನು ಬೆರೆಸಿರಿ.

ಬ್ರೆಡ್ಡನ್ನು ಕೈಯಿಂದ ಕಡಲೆಯ ಗಾತ್ರದ ಚೂರುಗಳಾಗಿ ಮುರಿದು, ಕರಗಿಸಿದ ಬೆಣ್ಣೆಯನ್ನು ಎಲ್ಲ ಚೂರುಗಳಿಗೂ ಹತ್ತುವಂತೆ ಕಲಸಿರಿ. ಬೆಣ್ಣೆಯ ಲೇಪವಿದ್ದರೆ ಮೇಲಿನ ಚೂರುಗಳು ರಸವನ್ನು ಹೀರದೆ ಗರಿಗರಿಯಾಗುವವು. ಬೆಲ್ಲಕ್ಕೆ ಏಲಕ್ಕಿಯ ಪುಡಿಯನ್ನೂ ಉಪ್ಪನ್ನೂ ಸೇರಿಸಿರಿ. ೨೦ ಸೆಂಟಿಮೀಟರಿನ ಪಾತ್ರೆಗೆ ಬೆಣ್ಣೆ ಸವರಿ, ತಳಕ್ಕೆ ಚೂರುಗಳಲ್ಲಿ ಮೂರರಲ್ಲೊಂದು ಪಾಲನ್ನು ಹರಡಿರಿ. ಅದರ ಮೇಲೆ ಅರ್ಧ ಹಣ್ಣು, ಅರ್ಧ ಬೆಲ್ಲ. ತಿರುಗಿ ಒಂದು ಪಾಲು ಚೂರು. ಉಳಿದ ಹಣ್ಣು, ಉಳಿದ ಬೆಲ್ಲ. ಗೊರಟೆಯ ರಸವನ್ನು ಸುತ್ತಲೂ ಚಿಮುಕಿಸಿ ಕೊನೆಯ ಪಾಲಿನ ಚೂರುಗಳಿಂದ ಮುಚ್ಚಿರಿ.

ಓವನ್ನನ್ನು ೧೮೦ ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿ, ಪಾತ್ರೆಯನ್ನು ಮುಚ್ಚಿ ೨೫ ನಿಮಿಷವೂ, ಮುಚ್ಚಳ ತೆಗೆದು ಸುಮಾರು ೧೫ ನಿಮಿಷವೂ ಬೇಯಿಸತಕ್ಕದ್ದು. ಮುಚ್ಚಿದಾಗ ಹಣ್ಣಿನ ಆವಿಯು ಒಳಗಿನ ಬ್ರೆಡ್ಡನ್ನು ಮೃದು ಮಾಡುವದು. ತೆರೆದಾಗ ಮೇಲ್ಭಾಗವು ಕೆಂಪಗಾಗುವದು. ಓವನ್ನಿಲ್ಲದ ಮನೆಯಲ್ಲಿ ದಪ್ಪ ತಳದ ಬೋಗುಣಿಗೆ ಎರಡು ಬೆರಳು ಎತ್ತರ ಉಪ್ಪನ್ನು ಹಾಕಿ, ಮೇಲೆ ಒಂದು ಕಬ್ಬಿಣದ ಬಳೆಯನ್ನಿಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿರಿ. ಪುಡ್ಡಿಂಗಿನ ಪಾತ್ರೆಯನ್ನು ಬಳೆಯ ಮೇಲಿರಿಸಿ ಸಣ್ಣ ಉರಿಯಲ್ಲಿ ೪೫ ನಿಮಿಷ ಬೇಯಿಸಿರಿ. ಈ ಕ್ರಮದಲ್ಲಿ ಮೇಲ್ಭಾಗವು ಕೆಂಪಗಾಗದು. ಆದುದರಿಂದ ಕೊನೆಯ ಪಾಲಿನ ಚೂರುಗಳನ್ನು ಹಂಚಿನ ಮೇಲೆ ಬೇರೆಯಾಗಿ ಹುರಿದು ಕಡೆಗೆ ಉದುರಿಸಬೇಕು. ಇಳಿಸಿದ ಮೇಲೆ ಹತ್ತು ನಿಮಿಷ ಬಿಟ್ಟು ಬಡಿಸಿರಿ. ಸಿಪ್ಪೆಗಳು ಗೊಬ್ಬರಕ್ಕೆ ಹೋಗಲಿ. ಪುಡ್ಡಿಂಗು ಮಿಕ್ಕರೆ ತಂಪುಪೆಟ್ಟಿಗೆಯಲ್ಲಿಟ್ಟು ಮರುದಿನವೇ ಮುಗಿಸಿರಿ.

೬. ಉಳಿದುದು ಯಾರ ಪಾಲು?

ಇಲ್ಲಿಯ ವರೆಗೆ ಹೇಳಿದ್ದು ಕೈಯ ಪಾಠ. ಇನ್ನು ಮನಸ್ಸಿನ ಪಾಠ. ಮಿತವ್ಯಯದ ಮಾತೆತ್ತಿದ ಕೂಡಲೇ ನಮ್ಮ ಅನೇಕ ಮನೆಗಳಲ್ಲಿ ಅದನ್ನು ಹೆಣ್ಣುಮಕ್ಕಳ ತಲೆಗೆ ಮಾತ್ರ ಕಟ್ಟುವರು. ಎಲ್ಲರೂ ಉಂಡ ಮೇಲೆ ಪಾತ್ರೆಯ ತಳದಲ್ಲಿದ್ದದ್ದು ತಾಯಿಗೆ. ಸೀದದ್ದು, ತಣಿದದ್ದು ಸೊಸೆಗೆ. ಅಣ್ಣನಿಗೆ ಹೊಸ ಪುಸ್ತಕ, ತಂಗಿಗೆ ಅದೇ ಹಳೆಯದು. ಇದನ್ನು ಸದ್ಗುಣವೆಂದು ಹೊಗಳುವವರೂ ಉಂಟು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ ೧೫ರಿಂದ ೪೯ ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ೫೭ ಮಂದಿಗೆ ರಕ್ತಹೀನತೆಯಿದ್ದದ್ದು ಕಂಡುಬಂದಿತು. ರಕ್ತಹೀನತೆಗೆ ಹಲವು ಕಾರಣಗಳುಂಟು. ಆದರೆ ತಟ್ಟೆಗೆ ತಕ್ಕ ಆಹಾರವು ಬೀಳದಿರುವದೂ ಅವುಗಳಲ್ಲೊಂದು. ಇದನ್ನು ತಿಳಿದ ಮೇಲೆಯೂ ಉಳಿದುದನ್ನು ಉಣ್ಣುವದೇ ಹೆಣ್ಣಿನ ಧರ್ಮವೆಂದು ನಾವು ಬೋಧಿಸಲಾರೆವು.

ನಾವು ಕಲಿಸುವ ಮಿತವ್ಯಯವು ವಸ್ತುವಿನ ವಿಷಯದಲ್ಲಿ ಹೊರತು ಮನುಷ್ಯರ ವಿಷಯದಲ್ಲಲ್ಲ. ಬಟ್ಟೆಯ ಚೂರನ್ನು ಉಳಿಸಿರಿ, ಆದರೆ ಹೊಲಿಯುವವಳ ಕೂಲಿಯಲ್ಲಿ ಉಳಿಸಬೇಡಿರಿ. ಬ್ರೆಡ್ಡಿನ ತುಂಡನ್ನು ಉಳಿಸಿರಿ, ಆದರೆ ನಿಮ್ಮ ತಾಯಿಯ ತಟ್ಟೆಯಲ್ಲಿ ಉಳಿಸಬೇಡಿರಿ. ಮಾವಿನ ಪುಡ್ಡಿಂಗನ್ನು ಮಾಡಿದ ದಿನ ಮನೆಯಲ್ಲಿ ಆರು ಮಂದಿಯಿದ್ದರೆ ಆರು ಸಮಪಾಲುಗಳನ್ನು ಮಾಡಿ, ಬೇಯಿಸಿದವಳೂ ಎಲ್ಲರೊಂದಿಗೆ ಕುಳಿತು ಬಿಸಿಯಾಗಿರುವಾಗಲೇ ತಿನ್ನಲಿ. ಕೌದಿಯನ್ನು ಹೊಲಿಯುವಾಗ ತಮ್ಮನಿಗೂ ಒಂದು ಸೂಜಿಯನ್ನು ಕೊಡಿರಿ. ಸೂಜಿಯು ಗಂಡು ಹೆಣ್ಣೆಂಬ ಭೇದವನ್ನರಿಯದು.

ರಜೆಯ ಅಭ್ಯಾಸ

(೧) ಮನೆಯಲ್ಲಿರುವ ಹಳೆಯ ಕೌದಿಯೊಂದನ್ನು ಬಿಡಿಸಿ, ಅದರಲ್ಲಿ ಯಾರ ಯಾರ ಬಟ್ಟೆಗಳಿವೆಯೆಂದು ಹಿರಿಯರನ್ನು ಕೇಳಿ ಬರೆದಿಡಿರಿ. ಒಂದು ಅಂಗೈಯಷ್ಟು ಸ್ಥಳದಲ್ಲಿ ಎಷ್ಟು ಹೊಲಿಗೆಗಳಿವೆಯೆಂಬದನ್ನೂ ಎಣಿಸಿರಿ.

(೨) ಒಂದು ವಾರದ ತನಕ ಅಡಿಗೆಮನೆಯಿಂದ ಹೊರಗೆ ಬಿದ್ದ ಆಹಾರವನ್ನು ದಿನವೂ ತೂಗಿ ಪಟ್ಟಿಮಾಡಿರಿ. ಯಾವದು ತಪ್ಪಿಸಬಹುದಾದದ್ದು, ಯಾವದು ಅಲ್ಲ ಎಂದು ವಿಂಗಡಿಸಿರಿ.

(೩) ಅದೇ ವಾರದಲ್ಲಿ ಮನೆಯಲ್ಲಿ ಕಡೆಗೆ ಉಣ್ಣುವವರು ಯಾರು, ಅವರ ತಟ್ಟೆಯಲ್ಲಿ ಏನೇನಿತ್ತು ಎಂಬದನ್ನು ಗಮನಿಸಿರಿ. ಇದನ್ನು ಬರೆದು ತೋರಿಸಬೇಕಾಗಿಲ್ಲ. ಕಂಡದ್ದು ಸರಿಯಲ್ಲವೆಂದು ತೋರಿದರೆ, ಮರುದಿನ ಬಡಿಸುವ ಸೌಟನ್ನು ನೀವೇ ಹಿಡಿಯಿರಿ.